ವಿದ್ಯಾರ್ಥಿಯ ಪ್ರಯೋಗಕ್ಕೆ ರೈತನ ತಾಕು

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರಿಗಾಗಿ ಮಾಡಿದ ಭಾಷಣದ ಪಾಠ)



ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಪದವಿಯ ಕೊನೆಯ ವರ್ಷದಲ್ಲಿ ಹಳ್ಳಿಗಳಿಗೆ ಬಂದು ಕೆಲವು ತಿಂಗಳು ತಂಗುವುದು ಈಗ ಎಲ್ಲರಿಗೂ ಪರಿಚಿತವಾದ ಸಂಗತಿ. ಅವರಲ್ಲಿ ಒಬ್ಬಿಬ್ಬರು ಅಳತೆಯ ಟೇಪು, ಸುಣ್ಣದ ಪುಡಿ, ಒಂದು ನೋಟು ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬಂದು, "ಯಜಮಾನರೇ, ನಿಮ್ಮ ಹೊಲದಲ್ಲಿ ಸ್ವಲ್ಪ ಜಾಗ ಕೊಟ್ಟರೆ ಒಂದು ಪ್ರಯೋಗ ಮಾಡುತ್ತೇವೆ" ಎಂದು ಕೇಳುವುದುಂಟು. ಮಕ್ಕಳ ಓದಿಗೆ ಸಹಾಯವಾಗಲಿ ಎಂದು ಹೆಚ್ಚಿನ ರೈತರು ಒಪ್ಪಿಬಿಡುತ್ತಾರೆ. ಆದರೆ ಮನಸ್ಸಿನೊಳಗೆ ಒಂದು ಪ್ರಶ್ನೆ ಉಳಿದೇ ಇರುತ್ತದೆ. ಇಪ್ಪತ್ತು ಇಪ್ಪತ್ತೊಂದು ವರ್ಷದ ಹುಡುಗರು, ನೇಗಿಲು ಹಿಡಿದು ಅಭ್ಯಾಸವಿಲ್ಲದವರು, ಒಂದೇ ಹಂಗಾಮಿನಲ್ಲಿ ಏನು ತಾನೇ ಕಂಡುಹಿಡಿದಾರು? ಈ ಪ್ರಶ್ನೆಗೆ ಉತ್ತರ ಹುಡುಕುವುದೂ, ಕೊಟ್ಟ ಜಾಗದಿಂದ ರೈತನಿಗೂ ಪ್ರಯೋಜನವಾಗಬೇಕಾದರೆ ಏನು ಮಾಡಬೇಕೆಂಬುದನ್ನು ವಿವರಿಸುವುದೂ ಈ ಭಾಷಣದ ಉದ್ದೇಶ.

ಮೊದಲು ಈ ಏರ್ಪಾಟು ಹೇಗೆ ಬಂತೆಂಬುದನ್ನು ನೋಡಬಹುದು. ಕೃಷಿ ಪದವೀಧರರು ಪುಸ್ತಕದ ಹುಳುಗಳಾಗಬಾರದು, ಹಳ್ಳಿಯ ಬೇಸಾಯವನ್ನು ಅಲ್ಲಿಯೇ ಇದ್ದು ಕಲಿಯಬೇಕು ಎಂದು 1992ರಲ್ಲಿ ರಾಂಧವಾ ಸಮಿತಿ ಶಿಫಾರಸು ಮಾಡಿತು. ಗ್ರಾಮೀಣ ಕೃಷಿ ಕಾರ್ಯಾನುಭವ ಎಂಬ ಕಾರ್ಯಕ್ರಮಕ್ಕೆ ಅದೇ ತಳಹದಿ. 2015ರ ಜುಲೈ ತಿಂಗಳಲ್ಲಿ ಇದನ್ನು ವಿಸ್ತರಿಸಿ 'ಸ್ಟೂಡೆಂಟ್ ರೆಡಿ' ಎಂಬ ಹೆಸರಿನಲ್ಲಿ ರಾಷ್ಟ್ರಮಟ್ಟದ ಕಾರ್ಯಕ್ರಮವಾಗಿ ರೂಪಿಸಲಾಯಿತು. ಹಳ್ಳಿಯ ವಾಸ, ಕಾರ್ಖಾನೆಯ ತರಬೇತಿ ಮೊದಲಾದವುಗಳ ಜೊತೆಗೆ ವಿದ್ಯಾರ್ಥಿಯೇ ಒಂದು ಸಮಸ್ಯೆಯನ್ನು ಆಯ್ದುಕೊಂಡು ಪ್ರಯೋಗ ಮಾಡಿ ವರದಿ ಬರೆಯುವ 'ವಿದ್ಯಾರ್ಥಿ ಯೋಜನೆ'ಯೂ ಇದರಲ್ಲಿ ಒಂದು ಭಾಗ. ಜೀವಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವ ಬೇರೆ ಕಾಲೇಜಿನ ಪದವಿ ವಿದ್ಯಾರ್ಥಿಗಳೂ ಇಂತಹ ಯೋಜನೆಗಳನ್ನು ಕೈಗೊಳ್ಳುತ್ತಾರೆ.

ಇನ್ನು ಚಿಕ್ಕ ವಯಸ್ಸಿನವರು ಏನು ಮಾಡಿಯಾರು ಎಂಬ ಮಾತು. ಇದಕ್ಕೆ ಎರಡು ನಿದರ್ಶನ ಸಾಕು.

ಅಮೆರಿಕದ ಅಲಬಾಮಾ ಸೀಮೆಯಲ್ಲಿ ಒಬ್ಬ ರೈತನ ಮಗನಿದ್ದ. ಹೆಸರು ಆಲ್ಫ್ರೆಡ್ ಸ್ಟರ್ಟೆವೆಂಟ್. ತಂದೆ ಸಾಕಿದ ಕುದುರೆಗಳ ವಂಶಾವಳಿಯನ್ನು ಬರೆದಿಡುವುದು, ಯಾವ ಬಣ್ಣದ ಕುದುರೆಗೆ ಯಾವ ಬಣ್ಣದ ಮರಿ ಹುಟ್ಟಿತೆಂದು ಗುರುತು ಹಾಕಿಕೊಳ್ಳುವುದು ಅವನ ಹವ್ಯಾಸ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಓದಲು ಹೋದಾಗ ಈ ಕುದುರೆ ಲೆಕ್ಕವನ್ನು ಪ್ರಾಧ್ಯಾಪಕ ಮಾರ್ಗನ್ ಅವರಿಗೆ ತೋರಿಸಿದ. ಅವರು ಅದನ್ನು ಮೆಚ್ಚಿ ಅವನನ್ನು ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಂಡರು. ಅಲ್ಲಿ ಹಾಲಿನ ಬಾಟಲಿಗಳಲ್ಲಿ ಬಾಳೆಹಣ್ಣು ಹಾಕಿ ಸಣ್ಣ ನೊಣಗಳನ್ನು ಸಾಕುತ್ತಿದ್ದರು. ಮಾವಿನ ಹಣ್ಣನ್ನು ಕೆಡಿಸುವ ಹಣ್ಣುನೊಣವಲ್ಲ. ಹೆಚ್ಚು ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಪುಟ್ಟ ಜಾತಿ. 1911ರಲ್ಲಿ, ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದಾಗಲೇ, ಸ್ಟರ್ಟೆವೆಂಟ್ ಆ ನೊಣಗಳ ಲೆಕ್ಕವನ್ನು ಮನೆಗೆ ಒಯ್ದು ಕಾಲೇಜಿನ ಮನೆಗೆಲಸವನ್ನು ಬದಿಗಿಟ್ಟು ಒಂದೇ ರಾತ್ರಿಯಲ್ಲಿ ಜೀನುಗಳ ಸ್ಥಾನವನ್ನು ತೋರಿಸುವ ಮೊದಲ ನಕ್ಷೆಯನ್ನು ಬರೆದ. 1913ರಲ್ಲಿ ಅದು ಪ್ರಕಟವಾಯಿತು. ಇಂದು ತಳಿ ವಿಜ್ಞಾನಿಗಳು ನೆರೆ ನೀರಿನಲ್ಲಿ ಮುಳುಗಿದರೂ ಬದುಕುವ ಗುಣವನ್ನು ಒಂದು ಭತ್ತದ ತಳಿಯಿಂದ ಇನ್ನೊಂದಕ್ಕೆ ತರುವಾಗ ಆ ಜೀನು ಎಲ್ಲಿದೆಯೆಂದು ಗುರುತು ಹಿಡಿದೇ ತರುತ್ತಾರೆ. 2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್1 ಹೀಗೆ ಬಂದ ತಳಿ. ಅದರ ಮೂಲದಲ್ಲಿ ಆ ಒಂದು ರಾತ್ರಿಯ ನಕ್ಷೆಯ ವಿಚಾರವಿದೆ.

ಎರಡನೆಯದು ತಿಪ್ಪೆಯ ಕಥೆ. ಮಣ್ಣಿನಲ್ಲಿಯೂ ಕೊಳೆಯುವ ವಸ್ತುಗಳಲ್ಲಿಯೂ ದುಂಡಾಣುಗಳನ್ನು ಕೊಲ್ಲುವ ಒಂದು ಬಗೆಯ ನಂಜಾಣುಗಳಿವೆ. ಅವುಗಳಿಗೆ ಫೇಜ್ ಎಂದು ಹೆಸರು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಗ್ರಹಾಂ ಹ್ಯಾಟ್‌ಫುಲ್ ಎಂಬ ವಿಜ್ಞಾನಿ ಕಾಲೇಜಿನ ಹೊಸ ವಿದ್ಯಾರ್ಥಿಗಳಿಂದಲೇ ಇಂತಹ ಫೇಜ್‌ಗಳನ್ನು ಹುಡುಕಿಸುವ ಕೆಲಸವನ್ನು ದೊಡ್ಡದಾಗಿ ನಡೆಸಿಕೊಂಡು ಬಂದಿದ್ದಾರೆ. ವಿದ್ಯಾರ್ಥಿಗಳು ಹಿತ್ತಲಿನ ಮಣ್ಣನ್ನೋ ಗೊಬ್ಬರವನ್ನೋ ತಂದು ಸೋಸಿ ಪರೀಕ್ಷಿಸುತ್ತಾರೆ. ಸಿಕ್ಕಿದ್ದಕ್ಕೆ ಹೆಸರಿಟ್ಟು, ಎಲ್ಲಿ ಯಾವಾಗ ಸಿಕ್ಕಿತೆಂದು ಬರೆದು, ಶೈತ್ಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೀಗೆ ಹತ್ತು ಸಾವಿರಕ್ಕೂ ಹೆಚ್ಚು ಫೇಜ್‌ಗಳು ಸಂಗ್ರಹವಾದವು. ಇದೇ ಬಗೆಯ ಶಿಕ್ಷಣ ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿಯೂ ನಡೆಯಿತು. ಅಲ್ಲಿ 2010ರಲ್ಲಿ ಒಬ್ಬ ವಿದ್ಯಾರ್ಥಿನಿ ಮನೆಯ ಗೊಬ್ಬರದ ಗುಂಡಿಯಲ್ಲಿ ಕೊಳೆಯುತ್ತಿದ್ದ ಬದನೆಕಾಯಿಯ ಅಡಿಭಾಗದಿಂದ ಒಂದು ಫೇಜನ್ನು ಬೇರ್ಪಡಿಸಿದಳು. ಅದಕ್ಕೆ 'ಮಡ್ಡಿ', ಎಂದರೆ ಕೆಸರಿನದು, ಎಂಬ ಹೆಸರಾಯಿತು. ಆಗ ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ.

ಎಂಟು ವರ್ಷ ಕಳೆಯಿತು. ಇಂಗ್ಲೆಂಡಿನಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳಿಗೆ ಶ್ವಾಸಕೋಶ ಬದಲಾವಣೆಯ ಶಸ್ತ್ರಚಿಕಿತ್ಸೆಯ ನಂತರ ಯಾವ ಔಷಧಿಗೂ ಬಗ್ಗದ ದುಂಡಾಣು ಸೋಂಕು ತಗುಲಿತು. ಅವಳ ಮೈಯಿಂದ ತೆಗೆದ ದುಂಡಾಣುವಿನ ಮೇಲೆ ಸಂಗ್ರಹದ ಫೇಜ್‌ಗಳನ್ನು ಪರೀಕ್ಷಿಸಿ ನೋಡಿದಾಗ ಅದನ್ನು ಚೆನ್ನಾಗಿ ಕೊಲ್ಲುತ್ತಿದ್ದುದು ಬದನೆಕಾಯಿಯ ಮಡ್ಡಿ. ಇನ್ನೆರಡು ಫೇಜ್‌ಗಳನ್ನು ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಇದರೊಡನೆ ಸೇರಿಸಿ 2018ರಲ್ಲಿ ಚಿಕಿತ್ಸೆ ಕೊಡಲಾಯಿತು. ಸೋಂಕು ಬೇರುಸಹಿತ ಹೋಗಲಿಲ್ಲವಾದರೂ ಎದೆಯ ಗಾಯ ಕೂಡಿತು, ಯಕೃತ್ತಿನ ಕೆಲಸ ಸುಧಾರಿಸಿತು, ಚರ್ಮದ ಗಂಟುಗಳು ಬಹಳಮಟ್ಟಿಗೆ ಕರಗಿದವು. 2019ರಲ್ಲಿ ಇದರ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಗಮನಿಸಬೇಕಾದುದು ವಿದ್ಯಾರ್ಥಿನಿಯ ಜಾಣತನವೊಂದನ್ನೇ ಅಲ್ಲ. ಕೊಳೆತ ಬದನೆಕಾಯಿ ಎಲ್ಲ ಊರಿನ ತಿಪ್ಪೆಯಲ್ಲೂ ಇದೆ. ಸಿಕ್ಕಿದ್ದನ್ನು ಸಿಕ್ಕಿದ ಹಾಗೆಯೇ ಬರೆದಿಟ್ಟಿದ್ದರಿಂದ, ಮಾದರಿಯನ್ನು ಎಸೆಯದೆ ಕಾಪಾಡಿದ್ದರಿಂದ ಎಂಟು ವರ್ಷಗಳ ಮೇಲೆ ಅದು ಉಪಯೋಗಕ್ಕೆ ಬಂತು. ವಿದ್ಯಾರ್ಥಿಯ ಯೋಜನೆಗೆ ಬೆಲೆ ಬರುವುದು ಹೀಗೆ. ಅವರು ಹೊಸ ತಳಿಯನ್ನೋ ಹೊಸ ಔಷಧಿಯನ್ನೋ ತಂದುಕೊಡಲಿ ಎಂದು ಯಾರೂ ಕೇಳುವುದಿಲ್ಲ. ಒಂದು ಚಿಕ್ಕ ಪ್ರಶ್ನೆ, ಅದಕ್ಕೆ ಸರಿಯಾದ ಎಣಿಕೆ, ಎಣಿಸಿದ್ದರ ಪ್ರಾಮಾಣಿಕ ಬರಹ, ಇಷ್ಟನ್ನು ಕೇಳಬಹುದು, ಕೇಳಲೇಬೇಕು.

ಈಗ ಹೊಲಕ್ಕೆ ಬರೋಣ. ಪ್ರಯೋಗವೆಂದರೆ ಹೋಲಿಕೆ. ಒಂದು ತಾಕಿಗೆ ಹೊಸ ಪದ್ಧತಿ, ಪಕ್ಕದ ತಾಕಿಗೆ ಆ ಪದ್ಧತಿ ಬಿಟ್ಟು ಉಳಿದೆಲ್ಲವೂ ಹಾಗೆಯೇ. ಈ ಎರಡನೆಯದಕ್ಕೆ ಹೋಲಿಕೆ ತಾಕು ಎನ್ನುತ್ತಾರೆ. ಇದಿಲ್ಲದಿದ್ದರೆ ಪ್ರಯೋಗವೇ ಇಲ್ಲ. ಹೋದ ವರ್ಷಕ್ಕಿಂತ ಈ ವರ್ಷ ಶೇಂಗಾ ಚೆನ್ನಾಗಿ ಬಂತು, ಆದುದರಿಂದ ಹಾಕಿದ ಪುಡಿ ಒಳ್ಳೆಯದು ಎಂದರೆ ಅದು ಮಳೆಯ ಹೊಗಳಿಕೆಯೋ ಪುಡಿಯ ಹೊಗಳಿಕೆಯೋ ಹೇಳಲಾಗದು.

ರೈತರಿಗೆ ಕಷ್ಟವಾಗುವುದೂ ಈ ಹೋಲಿಕೆ ತಾಕಿನಿಂದಲೇ. ಸುತ್ತ ಹಸಿರಾಗಿ ನಿಂತ ಬೆಳೆಯ ನಡುವೆ ಒಂದು ಪಟ್ಟೆಗೆ ಗೊಬ್ಬರವಿಲ್ಲ, ಅಥವಾ ಔಷಧಿ ಹೊಡೆದಿಲ್ಲ. ಅದು ರಸ್ತೆ ಬದಿಗೇ ಇದ್ದರೆ ಹೋಗುವವರು ಬರುವವರು ನಿಂತು ನೋಡುತ್ತಾರೆ. ಮಾನವಂತ ಬೇಸಾಯಗಾರನಿಗೆ ಇದು ಸಹಿಸಲಾಗದ ಮಾತು. ಒಂದು ದಿನ ವಿದ್ಯಾರ್ಥಿ ಊರಿಗೆ ಹೋಗಿರುವಾಗ, ಪಂಪಿನಲ್ಲಿ ಉಳಿದ ಔಷಧಿಯನ್ನು ಆ ಪಟ್ಟೆಗೂ ಹೊಡೆದುಬಿಡುತ್ತಾನೆ. ಹುಡುಗನಿಗೆ ಬೇಸರವಾಗದಿರಲೆಂದು ಹೇಳುವುದೂ ಇಲ್ಲ. ಕೊನೆಗೆ ಎರಡೂ ತಾಕಿನ ಇಳುವರಿ ಒಂದೇ ಬರುತ್ತದೆ. ಔಷಧಿಯಿಂದ ಪ್ರಯೋಜನವಿಲ್ಲವೆಂದು ವರದಿಯಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಸುಳ್ಳು ವರದಿಯನ್ನು ಹುಟ್ಟಿಸಿತು. ಇದರಲ್ಲಿ ರೈತನದು ಎಷ್ಟು ತಪ್ಪೋ, ಮೊದಲೇ ಕೂಡಿಸಿ ತಿಳಿಸಿ ಹೇಳದವರದೂ ಅಷ್ಟೇ ತಪ್ಪು. ಹೋಲಿಕೆ ತಾಕು ರಸ್ತೆಯಿಂದ ಒಳಗಿರಲಿ. ಅದರಲ್ಲಿ ನಷ್ಟವಾಗಬಹುದೆಂದು ಮೊದಲೇ ಬಾಯಿಬಿಟ್ಟು ಹೇಳಲಿ. ನಷ್ಟ ಯಾರ ಮೇಲೆ ಬೀಳುತ್ತದೆ ಎಂಬುದೂ ಇತ್ಯರ್ಥವಾಗಲಿ. ಕಾಲೇಜಿನಿಂದ ಪರಿಹಾರ ಸಿಗುವ ಹಾಗಿದ್ದರೆ ಒಳ್ಳೆಯದು. ಇಲ್ಲದಿದ್ದರೆ ರೈತ ಸುಖವಾಗಿ ಕಳೆದುಕೊಳ್ಳಬಹುದಾದಷ್ಟೇ ಚಿಕ್ಕ ತಾಕು ಹಾಕಬೇಕು. ಬಡ ರೈತನ ಅರ್ಧ ಎಕರೆಯನ್ನು ಪರೀಕ್ಷೆಗೆ ಒಡ್ಡುವುದು ನ್ಯಾಯವಲ್ಲ.

ಒಂದೇ ಜೊತೆ ತಾಕು ಸಾಲದು ಎಂಬುದು ಎರಡನೆಯ ಮಾತು. ಹೊಲದಲ್ಲಿ ಒಂದು ಮೂಲೆ ಎರೆ, ಇನ್ನೊಂದು ಮೂಲೆ ಗರಸು. ಎಲ್ಲೋ ಹಿಂದೆ ತಿಪ್ಪೆ ಇತ್ತು, ಎಲ್ಲೋ ಬದುವಿನ ಬೇವಿನ ಮರದ ಬೇರು ಹರಿದಿದೆ. ಉದಾಹರಣೆಗೆ 5 ಮೀಟರ್ ಉದ್ದ, 4 ಮೀಟರ್ ಅಗಲದ ತಾಕುಗಳಲ್ಲಿ ಶೇಂಗಾ ಪ್ರಯೋಗ ಮಾಡಿದರೆಂದು ಇಟ್ಟುಕೊಳ್ಳಿ. ಮೊದಲ ಜೊತೆಯಲ್ಲಿ ಉಪಚಾರ ಮಾಡಿದ ತಾಕಿಗೆ 3.2 ಕಿಲೋ, ಮಾಡದ ತಾಕಿಗೆ 2.9 ಕಿಲೋ ಒಣಕಾಯಿ. ಒಂದು ಎಕರೆಯಲ್ಲಿ ಇಂತಹ ಸುಮಾರು 200 ತಾಕುಗಳು ಹಿಡಿಯುತ್ತವೆ. ಹಾಗಾದರೆ ಎಕರೆಗೆ 60 ಕಿಲೋ ಲಾಭವೆಂದು ಹೇಳಿಬಿಡಬಹುದು. ಆದರೆ ಇನ್ನೂ ಮೂರು ಜೊತೆ ಹಾಕಿದ್ದರೆ? ಎರಡನೆಯದರಲ್ಲಿ 2.6 ಮತ್ತು 2.7, ಮೂರನೆಯದರಲ್ಲಿ 3.5 ಮತ್ತು 3.3, ನಾಲ್ಕನೆಯದರಲ್ಲಿ 2.4 ಮತ್ತು 2.6 ಬಂತೆನ್ನಿ. ಎಲ್ಲ ಕೂಡಿಸಿದರೆ ಉಪಚಾರದ್ದು 11.7 ಕಿಲೋ, ಹೋಲಿಕೆಯದು 11.5 ಕಿಲೋ. ಎಕರೆಗೆ 60 ಕಿಲೋ ಹೋಗಿ 10 ಕಿಲೋ ಆಯಿತು. ಎರಡು ಜೊತೆಯಲ್ಲಿ ಹೆಚ್ಚು, ಎರಡರಲ್ಲಿ ಕಡಿಮೆ. ಇದನ್ನು ಲಾಭವೆನ್ನಲು ಯಾವ ಆಧಾರವೂ ಇಲ್ಲ. ಮೊದಲ ಜೊತೆಯನ್ನು ಮಾತ್ರ ನೋಡಿ ಊರೆಲ್ಲ ಆ ಪುಡಿಯನ್ನು ಕೊಂಡಿದ್ದರೆ ಹಣ ಹೋದದ್ದೇ ಬಂತು.

ತೂಕದಲ್ಲಿ 100 ಗ್ರಾಂ ಆಚೀಚೆಯಾದರೂ ಎಕರೆಗೆ 20 ಕಿಲೋ ವ್ಯತ್ಯಾಸವಾಗುತ್ತದೆ ಎಂಬುದನ್ನೂ ಇದೇ ಲೆಕ್ಕದಿಂದ ತಿಳಿಯಬಹುದು. ಆದುದರಿಂದ ಅಂಗಡಿಯ ಹಳೆಯ ಸ್ಪ್ರಿಂಗ್ ತಕ್ಕಡಿ ನಡೆಯದು. ಕಾಯಿಗೆ ಹತ್ತಿದ ಮಣ್ಣು, ಪೂರ್ತಿ ಒಣಗದ ಹಸಿ, ಇವೂ ತೂಕವೇ. ತಾಕಿನ ಅಂಚಿನ ಸಾಲುಗಳಿಗೆ ಬಿಸಿಲು, ಗಾಳಿ, ಜಾಗ ಹೆಚ್ಚು ಸಿಗುವುದರಿಂದ ಅವುಗಳನ್ನು ಬಿಟ್ಟು ನಡುವಿನ ಸಾಲುಗಳನ್ನೇ ಅಳೆಯಬೇಕು.

ಯಾವ ತಾಕಿಗೆ ಉಪಚಾರ, ಯಾವುದಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಮನಸ್ಸಿಗೆ ಬಂದಂತೆ ಹಂಚಿದರೆ ಒಳ್ಳೆಯ ನೆಲ ತನಗೆ ಇಷ್ಟವಾದ ಪದ್ಧತಿಗೆ ಹೋಗುವುದು ಸಹಜ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1843ರಿಂದ ಗೋಧಿಯ ಪ್ರಯೋಗ ನಡೆದಿತ್ತು. 1919ರಲ್ಲಿ ಅಲ್ಲಿಗೆ ಬಂದ ಫಿಶರ್ ಎಂಬ ಗಣಿತಜ್ಞ, ತಾಕುಗಳನ್ನು ಹಲವು ಬಾರಿ ಪುನರಾವರ್ತಿಸುವುದು, ಚೀಟಿ ಎತ್ತಿದಂತೆ ಹಂಚುವುದು, ನೆಲದ ಏರುಪೇರಿಗೆ ತಕ್ಕಂತೆ ತಾಕುಗಳನ್ನು ಗುಂಪು ಮಾಡುವುದು ಈ ಮೂರನ್ನೂ ಶಾಸ್ತ್ರವಾಗಿ ರೂಪಿಸಿದರು. ಫಿಶರ್‌ಗಿಂತ ಮೊದಲೇ ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿದ್ದ ಗಾಸೆಟ್ ಎಂಬವರು, ಕೆಲವೇ ಮಾದರಿಗಳಿಂದ ಎಷ್ಟರಮಟ್ಟಿಗೆ ನಿರ್ಣಯಕ್ಕೆ ಬರಬಹುದೆಂದು 1908ರಲ್ಲಿ ಒಂದು ಲೇಖನ ಬರೆದರು. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಆ ಸಂಸ್ಥೆ ಬಿಡುತ್ತಿರಲಿಲ್ಲವಾದ್ದರಿಂದ ಅವರು ಇಟ್ಟುಕೊಂಡ ಹೆಸರು 'ಸ್ಟೂಡೆಂಟ್', ಎಂದರೆ ವಿದ್ಯಾರ್ಥಿ. ಕೃಷಿ ಕಾಲೇಜಿನ ಹುಡುಗರು ಇಂದಿಗೂ ತಮ್ಮ ತಾಕಿನ ಲೆಕ್ಕಕ್ಕೆ ಬಳಸುವ ಪರೀಕ್ಷೆಗೆ ಆ ಹೆಸರೇ ಉಳಿದಿದೆ. ಅದರ ಹಿಂದೆ ಇದ್ದುದು ಬಾರ್ಲಿ ಕಾಳು ಎಂಬುದು ರೈತರಿಗೆ ಸಂತೋಷದ ವಿಷಯ.

ಇನ್ನು ಯಾವ ಬಗೆಯ ಪ್ರಶ್ನೆಗಳು ಒಂದು ಹಂಗಾಮಿಗೆ ಸರಿಹೋಗುತ್ತವೆ? ಸೂರ್ಯಕಾಂತಿಯದು ಚೆಂದದ ಉದಾಹರಣೆ. ಜೇನ್ನೊಣ ಬಂದರೆ ಕಾಳು ಕಟ್ಟುವುದು ಹೆಚ್ಚೆಂದು ಎಲ್ಲರೂ ಕೇಳಿದ್ದಾರೆ. ಎಷ್ಟು ಹೆಚ್ಚು? ಹೂ ಅರಳುವ ಮೊದಲೇ ಹತ್ತು ತೆನೆಗಳಿಗೆ ಸೊಳ್ಳೆ ಪರದೆಯ ಚೀಲ ಕಟ್ಟಬೇಕು, ಹತ್ತನ್ನು ಬಿಟ್ಟಿರಬೇಕು. ಕೊಯ್ಲಿನಲ್ಲಿ ಗಟ್ಟಿ ಕಾಳು, ಜೊಳ್ಳು ಬೇರೆ ಬೇರೆ ಎಣಿಸಬೇಕು. ಆದರೆ ಇಲ್ಲೊಂದು ತೊಡಕಿದೆ. ಚೀಲ ಕಟ್ಟಿದ ತೆನೆಗೆ ನೊಣ ಬರುವುದಿಲ್ಲ ಎಂಬುದಷ್ಟೇ ಅಲ್ಲ, ಬಿಸಿಲೂ ಗಾಳಿಯೂ ಕಡಿಮೆಯಾಗುತ್ತವೆ. ಕಾಳು ಕಡಿಮೆಯಾದದ್ದು ಯಾವುದರಿಂದ? ಅದಕ್ಕೆ ಇನ್ನೂ ಹತ್ತು ತೆನೆಗಳಿಗೆ ಅದೇ ಪರದೆಯನ್ನು ಕಟ್ಟಿ, ನೊಣ ಹೋಗಿಬರುವಂತೆ ಪಕ್ಕದಲ್ಲಿ ಕಿಂಡಿ ಬಿಡಬೇಕು. ಈ ಮೂರನೆಯ ಹತ್ತನ್ನು ತಾನೇ ಯೋಚಿಸಿ ಸೇರಿಸಿದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಬಹುದು. ಹೈಬ್ರಿಡ್ ತಳಿಯ ಹೆಸರನ್ನೂ ಬರೆಯಬೇಕು. ಕೆಲವು ಹೈಬ್ರಿಡ್‌ಗಳು ನೊಣದ ನೆರವಿಲ್ಲದೆಯೂ ತಕ್ಕಮಟ್ಟಿಗೆ ಕಾಳು ಕಟ್ಟುತ್ತವೆ. ಬೆಳಗಿನ ಹೊತ್ತು ಎಷ್ಟು ನೊಣ ಬಂದವೆಂದು ಎಣಿಸಿಟ್ಟರೆ, ಹೂವಿನ ಕಾಲದಲ್ಲಿ ಬೆಳಿಗ್ಗೆ ಕೀಟನಾಶಕ ಹೊಡೆಯಬಾರದೆಂಬ ಮಾತು ರೈತನಿಗೆ ಹೇಳದೆಯೇ ಮನದಟ್ಟಾಗುತ್ತದೆ.

ತೊಗರಿಯ ಕಾಯಿಕೊರಕಕ್ಕೆ ಮೋಹಕ ಬಲೆ ಕಟ್ಟಿ ದಿನವೂ ಬಿದ್ದ ಗಂಡು ಪತಂಗಗಳನ್ನು ಎಣಿಸುವುದು ಇನ್ನೂ ಸುಲಭ. ಏನೂ ಬೀಳದ ದಿನವೂ ಸೊನ್ನೆ ಎಂದು ಬರೆಯಬೇಕು, ಅಷ್ಟೆ. ಮನೆಯ ಬೀಜದ ಮೊಳಕೆ ಪರೀಕ್ಷೆಗಂತೂ ಹೊಲವೂ ಬೇಡ. ನೂರರಂತೆ ನಾಲ್ಕು ಬಾರಿ, ಒಟ್ಟು 400 ಬೀಜ ಎಣಿಸಿ ಒದ್ದೆ ಕಾಗದದಲ್ಲಿಟ್ಟರೆ ಸಾಕು. ದೃಢೀಕೃತ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಭತ್ತದಲ್ಲಿ ಶೇಕಡ 80, ರಾಗಿಯಲ್ಲಿ 75, ಶೇಂಗಾದಲ್ಲಿ 70. ಮನೆಯ ಬೀಜ ಇದಕ್ಕೆ ಮೇಲೋ ಕೆಳಗೋ ಎಂಬುದನ್ನು ಬಿತ್ತನೆಗೆ ಮೊದಲೇ ತಿಳಿಯಬಹುದು.

ಶೇಂಗಾ ಬೇರಿನ ಗಂಟುಗಳ ಪ್ರಯೋಗವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ದ್ವಿದಳ ಬೆಳೆಯ ಬೇರಿನಲ್ಲಿ ರೈಜೋಬಿಯಂ ಎಂಬ ದುಂಡಾಣುಗಳು ಗಂಟು ಕಟ್ಟಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಈ ದುಂಡಾಣುವಿನ ಪೊಟ್ಟಣವನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತುವುದು ರೂಢಿಯಲ್ಲಿದೆ. ಲೇಪಿಸಿದರೆ ಗಂಟು ಹೆಚ್ಚುತ್ತವೆಯೇ? ಇದು ವಿದ್ಯಾರ್ಥಿಗೆ ತಕ್ಕ ಪ್ರಶ್ನೆ. ಮಾಡುವಾಗ ಮೊದಲು ಲೇಪಿಸದ ಬೀಜವನ್ನು ಬಿತ್ತಿ ಮುಗಿಸಬೇಕು, ಆಮೇಲೆ ಲೇಪಿಸಿದ್ದು. ಹಿಂದುಮುಂದಾದರೆ ಅದೇ ಕೈ, ಅದೇ ಕೂರಿಗೆಯ ಬಟ್ಟಲಿಗೆ ಅಂಟಿದ ದುಂಡಾಣು ಹೋಲಿಕೆ ತಾಕಿಗೂ ಹೋಗುತ್ತದೆ. ಬಿತ್ತಿದ 30ರಿಂದ 45 ದಿನದೊಳಗೆ ಪ್ರತಿ ತಾಕಿನಲ್ಲಿ ಐದಾರು ಗಿಡ ತೆಗೆಯಬೇಕು. ಕೈಯಿಂದ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉದುರಿಹೋಗುತ್ತವೆ. ಗುದ್ದಲಿಯಿಂದ ಹೆಂಟೆಸಹಿತ ಎತ್ತಿ, ಬಕೆಟ್ಟಿನ ನೀರಿನಲ್ಲಿ ನೆನೆಸಿ, ನಿಧಾನವಾಗಿ ತೊಳೆಯಬೇಕು.

ಎಣಿಸುವಾಗ ಜಂತುಹುಳುವಿನ ಬಾಧೆಯ ಗಂಟನ್ನು ಇದರೊಡನೆ ಸೇರಿಸಬಾರದು. ಬೆರಳಿನಿಂದ ಉಜ್ಜಿದರೆ ರೈಜೋಬಿಯಂ ಗಂಟು ಬೇರಿನ ಪಕ್ಕದಿಂದ ಕಳಚಿ ಬೀಳುತ್ತದೆ. ಜಂತುಹುಳುವಿನದು ಬೇರೇ ಊದಿಕೊಂಡಿದ್ದು, ಕಳಚುವುದಿಲ್ಲ. ಎಣಿಕೆಯೊಂದೇ ಸಾಲದು. ಬ್ಲೇಡಿನಿಂದ ಗಂಟನ್ನು ಸೀಳಿ ನೋಡಬೇಕು. ಒಳಗೆ ನಸುಗೆಂಪಾಗಿದ್ದರೆ ಅದು ಕೆಲಸ ಮಾಡುತ್ತಿರುವ ಗಂಟು. ಬಿಳಿಯದೋ ಹಸಿರೋ ಆಗಿದ್ದರೆ ಅಲ್ಲ. ಹೀಗೆ ಸೀಳಿ ತೋರಿಸಿದಾಗ, ನಲವತ್ತು ವರ್ಷ ಶೇಂಗಾ ಬೆಳೆದವರೂ ಗಂಟಿನೊಳಗಿನ ಕೆಂಪನ್ನು ಮೊದಲ ಬಾರಿಗೆ ಕಾಣುವುದುಂಟು.

ಫಲಿತಾಂಶ ಏನು ಬಂದೀತು? ಬಹಳ ಹೊಲಗಳಲ್ಲಿ ಎರಡೂ ತಾಕಿಗೆ ಹೆಚ್ಚು ವ್ಯತ್ಯಾಸ ಕಾಣದೆ ಹೋಗಬಹುದು. ಇದಕ್ಕೆ ಕಾರಣವಿದೆ. ಶೇಂಗಾ, ಅಲಸಂದೆ, ಹುರುಳಿ, ಹೆಸರು ಇವುಗಳಿಗೆಲ್ಲ ಒಂದೇ ಗುಂಪಿನ ದುಂಡಾಣುಗಳು ಒಗ್ಗುತ್ತವೆ. ಈ ಬೆಳೆಗಳನ್ನು ತಲೆತಲಾಂತರದಿಂದ ಬೆಳೆಯುತ್ತ ಬಂದ ನೆಲದಲ್ಲಿ ಅವು ಮೊದಲೇ ಮನೆ ಮಾಡಿಕೊಂಡಿವೆ. ಹೊಸದಾಗಿ ಬೀಜದೊಡನೆ ಬಂದವಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ. ಸೋಯಾ ಅವರೆಯ ಮಾತು ಬೇರೆ. ಅದಕ್ಕೆ ಒಗ್ಗುವ ದುಂಡಾಣುವೇ ಬೇರೆ ಜಾತಿಯದಾದುದರಿಂದ, ಸೋಯಾ ಕಾಣದ ಹೊಲದಲ್ಲಿ ಮೊದಲ ಸಲ ಬಿತ್ತುವಾಗ ಲೇಪನದ ಗುಣ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಒಂದೇ ಉಪಚಾರ ಒಂದು ಹೊಲಕ್ಕೆ ಬೇಕು, ಇನ್ನೊಂದಕ್ಕೆ ಬೇಡ.

ವ್ಯತ್ಯಾಸ ಕಾಣಲಿಲ್ಲವೆಂದಾಗ ವಿದ್ಯಾರ್ಥಿಯ ಮುಖ ಬಾಡುತ್ತದೆ. ಅಂಕ ಕಡಿಮೆಯಾದೀತೆಂಬ ಭಯ. ಎಣಿಕೆಯನ್ನು ಅಲ್ಪಸ್ವಲ್ಪ ತಿದ್ದಿದರೆ ವರದಿ ಚೆಂದ ಕಾಣುತ್ತದೆಂಬ ಆಸೆಯೂ ಹುಟ್ಟಬಹುದು. ಮಾರ್ಗದರ್ಶನ ಮಾಡುವ ಅಧ್ಯಾಪಕರ ಮತ್ತು ವಿಸ್ತರಣಾ ಕಾರ್ಯಕರ್ತರ ಹೊಣೆ ಇಲ್ಲಿ ದೊಡ್ಡದು. ವ್ಯತ್ಯಾಸವಿಲ್ಲ ಎಂಬುದೂ ಫಲಿತಾಂಶವೇ. ರೈತನಿಗೆ ಕೆಲವೊಮ್ಮೆ ಅದೇ ಹೆಚ್ಚು ಬೆಲೆಯ ಫಲಿತಾಂಶ, ಏಕೆಂದರೆ ಖರ್ಚು ಉಳಿಯುತ್ತದೆ. ಅದಕ್ಕೆ ಅಂಕ ಕಡಿಮೆ ಕೊಡುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದು ಸುಳ್ಳು ಹೇಳುವುದನ್ನು ಕಲಿಸಿದಂತೆ. ಆದರೆ ಒಂದು ಹೊಲದ ಒಂದು ಹಂಗಾಮಿನ ಲೆಕ್ಕದಿಂದ ತಾಲ್ಲೂಕಿಗೆಲ್ಲ ಶಿಫಾರಸು ಮಾಡುವಂತಿಲ್ಲ ಎಂಬುದನ್ನೂ ನೆನಪಿಡಬೇಕು. ಮಳೆ ಕೈಕೊಟ್ಟ ವರ್ಷ ಒಳ್ಳೆಯ ಪದ್ಧತಿಯೂ ಸೋತಂತೆ ಕಾಣುತ್ತದೆ. ಹತ್ತು ಹಳ್ಳಿಗಳಲ್ಲಿ ಹತ್ತು ವಿದ್ಯಾರ್ಥಿಗಳು ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳಿದರೆ, ಮುಂದಿನ ತಂಡದವರೂ ಅದನ್ನೇ ಮುಂದುವರಿಸಿದರೆ, ಆಗ ಅದು ವಿಜ್ಞಾನಿಗಳೂ ಕಿವಿಗೊಡುವ ಮಾತಾಗುತ್ತದೆ. ಪ್ರತಿಯೊಬ್ಬನೂ ಹೊಸ ಶೀರ್ಷಿಕೆ ಬೇಕೆಂದು ಹುಡುಕುವುದರಿಂದ ಈ ಅನುಕೂಲ ತಪ್ಪಿಹೋಗುತ್ತದೆ.

ಇನ್ನೊಂದು ಕೊರತೆಯನ್ನೂ ಹೇಳದಿರಲಾಗದು. ವಿದ್ಯಾರ್ಥಿ ವರದಿ ಬರೆದು, ರಟ್ಟು ಹಾಕಿಸಿ ಕಾಲೇಜಿಗೆ ಕೊಡುತ್ತಾನೆ. ಹೊಲ ಕೊಟ್ಟವರಿಗೆ ಮಾತ್ರ ಏನಾಯಿತೆಂದು ತಿಳಿಯದೆ ಹೋಗುವುದುಂಟು. ವರದಿ ಇಂಗ್ಲಿಷಿನಲ್ಲಿದ್ದರೆ ಕೈಗೆ ಸಿಕ್ಕರೂ ಉಪಯೋಗವಿಲ್ಲ. ಆದುದರಿಂದ ಜಾಗ ಕೊಡುವ ಮೊದಲೇ ರೈತರು ಕೆಲವು ಮಾತು ಕೇಳಿಬಿಡುವುದು ಒಳ್ಳೆಯದು. ಪ್ರಶ್ನೆ ಏನು, ಎಷ್ಟು ತಾಕು, ಹೋಲಿಕೆ ತಾಕು ಯಾವುದು? ಅದರಲ್ಲಿ ಏನು ಮಾಡಬಾರದು, ಎಲ್ಲಿಯವರೆಗೆ? ಕೀಟ ಕೈಮೀರಿ ಬಂದರೆ ಪ್ರಯೋಗ ನಿಲ್ಲಿಸಿ ಔಷಧಿ ಹೊಡೆಯಲು ಒಪ್ಪಿಗೆ ಇದೆಯೇ? ವಿದ್ಯಾರ್ಥಿ ಕೊಯ್ಲಿಗೆ ಮೊದಲೇ ಕಾಲೇಜಿಗೆ ಮರಳಬೇಕಾದರೆ ತೂಕ ಮಾಡಿ ಬರೆಯುವವರು ಯಾರು? ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಹಂಗಾಮು ಕಾಲೇಜಿನ ವೇಳಾಪಟ್ಟಿಗೆ ಕಾಯುವುದಿಲ್ಲ. ಬಿತ್ತನೆಯಲ್ಲಿ ಕಂಡ ಹುಡುಗ ಕೊಯ್ಲಿನಲ್ಲಿ ಕಾಣದೆ ಹೋದರೆ ಅಷ್ಟು ದಿನದ ಶ್ರಮ ವ್ಯರ್ಥ. ಅಂತಹ ಕಡೆ ಓದು ಬರಹ ಬಲ್ಲ ರೈತರ ಮನೆಯ ಮಗನೋ ಮಗಳೋ ನೋಟು ಪುಸ್ತಕವನ್ನು ವಹಿಸಿಕೊಳ್ಳಬಹುದು. ಶಾಲೆಯಲ್ಲಿ ಓದುವ ಮಕ್ಕಳಿಗೂ ಎಣಿಸಲು ಬರುತ್ತದೆ. ದೊಡ್ಡವರಿಗಿಂತ ತಾಳ್ಮೆಯಿಂದಲೇ ಎಣಿಸುತ್ತಾರೆ.

ತೂಕವನ್ನು ರೈತನ ಎದುರಿನಲ್ಲಿಯೇ ಮಾಡಬೇಕು. ಪ್ರತಿ ತಾಕಿನ ಕಾಯಿಯನ್ನೂ ಬೇರೆ ಬೇರೆ ಚೀಲದಲ್ಲಿ ಕಟ್ಟಿ, ತಾಕಿನ ಸಂಖ್ಯೆ ಬರೆದ ಚೀಟಿಯನ್ನು ಒಂದು ಚೀಲದ ಒಳಗೆ, ಒಂದು ಹೊರಗೆ ಇಡಬೇಕು, ಏಕೆಂದರೆ ಹೊರಗಿನದು ಸಾಗಣೆಯಲ್ಲಿ ಕಿತ್ತುಹೋಗುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಮೇಲೆ ತೂಗಿ ಅಂಕಿಗಳನ್ನು ಎರಡು ಪುಸ್ತಕದಲ್ಲಿ ಬರೆದು, ಒಂದನ್ನು ರೈತನ ಮನೆಯಲ್ಲಿಯೇ ಬಿಟ್ಟುಹೋಗಬೇಕು. ವರದಿ ಮುಗಿದ ನಂತರ ಒಂದು ಪುಟದ ಸಾರಾಂಶವನ್ನು ಕನ್ನಡದಲ್ಲಿ ಬರೆದು, ಬೆಳಗಿನ ಹಾಲು ಹಾಕುವ ಹೊತ್ತಿಗೆ ಡೇರಿಯ ಮುಂದೆ ನಿಂತು ಓದಿ ಹೇಳಿದರೆ ಊರಿಗೇ ತಲುಪುತ್ತದೆ. ಆಗ ಕೇಳಿದವರು ಎತ್ತುವ ಪ್ರಶ್ನೆಗಳನ್ನೂ ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಮುಂದಿನ ವರ್ಷ ಬರುವ ತಂಡಕ್ಕೆ ಯೋಜನೆಯ ವಿಷಯ ಅಲ್ಲಿಯೇ ಸಿಗುತ್ತದೆ.